ಬಾಟಲಿ ಮೂಸುವ ಮೂಗಿನಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಿಯರ್ ಕಾರ್ಖಾನೆಯ ಹಿಂಬದಿಯ ಶೆಡ್ಡಿಗೆ ಲಾರಿಯೊಂದು ಹಿಮ್ಮುಖವಾಗಿ ಬಂದು ನಿಂತಿದೆ. ಅಂಗಡಿಗಳಿಂದ ವಾಪಸಾದ ಖಾಲಿ ಬಾಟಲಿಗಳ ಕ್ರೇಟುಗಳು ಗಲಗಲ ಸದ್ದಿನೊಂದಿಗೆ ಇಳಿಯುತ್ತಿವೆ. ಟ್ಯೂಬ್‌ಲೈಟಿನ ಕೆಳಗೆ ಸ್ಟೂಲಿನ ಮೇಲೆ ಕುಳಿತ ಹೆಂಗಸೊಬ್ಬರು ಬಾಟಲಿಯ ಬಾಯನ್ನು ಮೂಗಿನ ಹತ್ತಿರ ತಂದು, ಅರೆಕ್ಷಣ ಮೂಸಿ, ಎಡಕ್ಕಿಡುತ್ತಾರೆ. ಮತ್ತೊಂದು, ಎಡಕ್ಕೆ. ಇನ್ನೊಂದನ್ನು ಮೂಸಿದವರೇ ಮುಖ ಕಿವುಚಿ ಬಲಗಡೆಯ ಡ್ರಮ್ಮಿಗೆ ಹಾಕುತ್ತಾರೆ.

"ಸೀಮೆಎಣ್ಣೆ" ಎನ್ನುತ್ತಾರೆ ನನ್ನ ಕಡೆ ತಿರುಗಿ. "ಯಾರೋ ಪುಣ್ಯಾತ್ಮರು ಬಿಯರ್ ಕುಡಿದು ಅದರಲ್ಲೇ ಎಣ್ಣೆ ತುಂಬಿಸಿಟ್ಟಿದ್ರು."

ಕಾರ್ಖಾನೆಯಲ್ಲಿ ಎಲ್ಲರೂ ಇವರನ್ನು ಕರೆಯುವುದು ಮೂಗಿನಕ್ಕ ಎಂದು. "ಮೊದಲು ಮೂಗಕ್ಕ ಅಂತಿದ್ರು. ಬೆಳಗ್ಗೆಯಿಂದ ಸಂಜೆ ತನಕ ಬಾಯಿ ಮುಚ್ಚದವಳನ್ನ ಮೂಗಿ ಮಾಡ್ತೀರಾ ಅಂತ ಜಗಳ ಆಡಿ, ಮೂಗಿನಕ್ಕ ಅಂತ ಮಾಡಿಸ್ಕೊಂಡೆ" ಎಂದು ನಗುತ್ತಾರೆ.

ಹಳೇ ಬಾಟಲಿ ತೊಳೆದು ಮತ್ತೆ ಬಿಯರ್ ತುಂಬುವ ಕಾರ್ಖಾನೆ ಇದು. ಹಳಸಿದ ಬಿಯರಿನ ನಾತ ಬಿಸಿನೀರಿಗೆ, ಸೋಡಾಪುಡಿಗೆ ಹೋಗುತ್ತದೆ. ಸೀಮೆಎಣ್ಣೆ, ಪೇಂಟಿನ ಎಣ್ಣೆ, ಫಿನೈಲು ಹೋಗುವುದಿಲ್ಲ. ಅನುಮಾನದ ಕ್ರೇಟುಗಳೆಲ್ಲ ತೊಳೆಯುವ ಮೊದಲು ಮೂಗಿನಕ್ಕನ ಮುಂದೆ ಹಾಯಬೇಕು. ಒಂದು ಪಾಳಿಯಲ್ಲಿ ಸಾವಿರಕ್ಕೂ ಮಿಕ್ಕಿ ಬಾಟಲಿ. ನಡುನಡುವೆ ತಮ್ಮದೇ ರವಿಕೆಯ ತೋಳನ್ನು ಮೂಸಿಕೊಳ್ಳುತ್ತಾರೆ. ಮೂಗಿಗೆ ಅದೇ ವಿಶ್ರಾಂತಿಯಂತೆ. ಕೆಲಸದ ದಿನ ಹಸಿ ಈರುಳ್ಳಿ ಇಲ್ಲ, ಪೌಡರ್ ಇಲ್ಲ, ಘಮಘಮಿಸುವ ಸೋಪೂ ಇಲ್ಲ.

ಇಷ್ಟು ವರ್ಷ ಖಾಲಿ ಬಾಟಲಿ ನೋಡಿದ ಅವರಿಗೆ ಊರಿನ ಕುಡಿತದ ಏರಿಳಿತ ಕಣ್ಣಿಗೆ ಕಟ್ಟಿದಂತಿದೆ. "ಮೊದಲು ದೊಡ್ಡ ಬಾಟಲಿಗಳೇ ಬರ್ತಿದ್ವು. ಈಗ ಸಣ್ಣವು ಜಾಸ್ತಿ. ಒಂಟಿಯಾಗಿ ಕುಡಿಯೋರು ಜಾಸ್ತಿ ಆಗಿರ್ಬೇಕು, ಇಲ್ಲಾ ಕಮ್ಮಿ ಕುಡಿಯೋರು ಜಾಸ್ತಿ ಆಗಿರ್ಬೇಕು. ನಾನಂತೂ ಎರಡನೇದನ್ನೇ ನಂಬ್ತೀನಿ."

ಊರಿನ ಮದ್ಯದ ಗೋದಾಮಿನ ಮೇಲ್ವಿಚಾರಕರದೂ ಹೆಚ್ಚುಕಡಿಮೆ ಇದೇ ಮಾತು. ಅವರ ಗೋದಾಮಿನಿಂದ ಪೇಟೆಗೆ ಹೋಗುವ ಮಾಲಿನಲ್ಲಿ ಒಂದು ಕಾಲಕ್ಕೆ ಅರ್ಧಕ್ಕಿಂತ ಹೆಚ್ಚು ರಮ್ಮು, ವಿಸ್ಕಿಯಂಥ ಗಡಸು ಮದ್ಯವೇ ಇತ್ತಂತೆ. ವರ್ಷ ವರ್ಷವೂ ಅದು ಇಳಿಯುತ್ತಾ, ಬಿಯರ್ ಏರುತ್ತಾ ಬಂತು. ಬಳಿಕ ಡಬ್ಬಿ ಬಿಯರ್ ಬಂದು ಗಾಜಿನ ಬಾಟಲಿಗಳಿಗೆ ಕುತ್ತಾಯಿತು. ತೊಳೆಯುವ ಶೆಡ್ಡಿನಲ್ಲಿ ಬಾಟಲಿ ಸಾಗಿಸುವ ಮೂರು ಬೆಲ್ಟುಗಳಲ್ಲಿ ಒಂದೇ ಉಳಿಯಿತು. ಅದೂ ನಿಲ್ಲುವ ಸುದ್ದಿ ಇದ್ದ ದಿನಗಳಲ್ಲೇ ಮೂಗಿನಕ್ಕನಿಗೆ ಜ್ವರ ಬಂದದ್ದು.

ಜ್ವರ ಬಿಟ್ಟಿತು. ಆದರೆ ಮನೆಯಲ್ಲಿ ಹಾಲು ಉಕ್ಕಿ, ಸೀದು, ತಳ ಕರಕಲಾದರೂ ಒಲೆಯ ಪಕ್ಕದಲ್ಲೇ ನಿಂತಿದ್ದ ಇವರಿಗೆ ಗೊತ್ತಾಗಲಿಲ್ಲ. ಸೊಸೆ ಓಡಿ ಬಂದು, "ಅತ್ತೆ, ಎಲ್ಲಿದೆ ನಿಮ್ಮ ಗ್ಯಾನ?" ಎಂದಳು. ನೆಗಡಿ ಇರಬೇಕೆಂದು ಸುಮ್ಮನಾಗಿ ಮರುದಿನ ಕೆಲಸಕ್ಕೆ ಬಂದರು.

"ಒಂದು ಕ್ರೇಟು ಮೂಸಿದೆ, ಎಲ್ಲಾ ಒಳ್ಳೇವು. ಇನ್ನೊಂದು ಮೂಸಿದೆ, ಅವೂ ಒಳ್ಳೇವು. ಲೋಕ ಒಂದೇ ರಾತ್ರಿಗೆ ಇಷ್ಟು ಒಳ್ಳೇದಾಗೋಕೆ ಸಾಧ್ಯವೇನ್ರೀ?"

ಅವರು ಎದ್ದು ಬೆಲ್ಟು ನಿಲ್ಲಿಸಿದರು. ಪಕ್ಕದಲ್ಲಿದ್ದ ಗೆಳತಿ ಕೈ ಹಿಡಿದು, "ಸುಮ್ನಿರೇ. ಮೂಸಿದ ಹಾಗೆ ಮಾಡು, ಯಾರಿಗೆ ಗೊತ್ತಾಗುತ್ತೆ?" ಎಂದಳು. "ಕುಡಿಯೋರು ಎಂಥವರಾದ್ರೂ ಆಗಿರ್ಲಿ, ಫಿನೈಲು ಕುಡೀಬಾರ್ದಲ್ಲ" ಎಂದು ಕೈ ಬಿಡಿಸಿಕೊಂಡು, ಶೆಡ್ಡಿನ ಮೇಲ್ವಿಚಾರಕರ ಮುಂದೆ ನಿಂತು, "ಸರ್, ನನ್ನ ಮೂಗು ಸತ್ತಿದೆ" ಎಂದುಬಿಟ್ಟರು. ಅಂದಿನಿಂದ ಅವರಿಗೆ ಶೆಡ್ಡಿನ ನೆಲ ತೊಳೆಯುವ ಕೆಲಸ.

ಡಾಕ್ಟರು ಭರವಸೆಯನ್ನೂ ಕೊಡಲಿಲ್ಲ, ಆಸೆಯನ್ನೂ ಕಿತ್ತುಕೊಳ್ಳಲಿಲ್ಲ. ದಿನಾ ಗಾಢ ವಾಸನೆಗಳನ್ನು ಮೂಸಿ ಅಭ್ಯಾಸ ಮಾಡಿ, ಬಂದರೆ ಬಂತು ಎಂದರು. ಮೂಸಿಸುವ ಜವಾಬ್ದಾರಿ ಹೊತ್ತವರು ಗಂಡ. ಅದೇ ಮದ್ಯದ ಗೋದಾಮಿನಲ್ಲಿ ಹಮಾಲಿ ಮಾಡುವ ಅವರು ಒಂದು ಕಾಲದಲ್ಲಿ ಹೊತ್ತಷ್ಟೇ ಕುಡಿಯುತ್ತಲೂ ಇದ್ದರು. ಮಗನ ಮದುವೆಯಾದ ಮೇಲೆ ಬಿಟ್ಟಿದ್ದರು. ಆದರೂ ಹೆಂಡತಿ ದಿನಾ ಹೊಸ್ತಿಲಲ್ಲೇ ನಿಲ್ಲಿಸಿ ಮೂಸದೆ ಒಳಗೆ ಬಿಡುತ್ತಿರಲಿಲ್ಲ.

"ಠಾಣೆ ಮನೇಲೇ ಇತ್ತು" ಎನ್ನುತ್ತಾರೆ ಅವರು. "ಇವಳ ಮೂಗು ಹೋದ ಮೊದಲ ವಾರ ಕಾಲು ಅಂಗಡಿ ಕಡೆ ತಿರುಗಿದ್ದು ನಿಜ. ಬಾಗಿಲ ತನಕ ಹೋದೆ. ಇವಳು ತನ್ನ ಮೂಗು ಹೋಗಿದೆ ಅಂತ ತಾನೇ ಹೇಳಿ ಮೂಸೋ ಕೆಲಸ ಕಳ್ಕೊಂಡವಳು. ಅಂಥವಳಿಗೆ ಗೊತ್ತಾಗಲ್ಲ ಅಂತ ನಾನು ಕುಡಿದ್ರೆ ಕುರುಡರ ತಟ್ಟೆಯಿಂದ ಕದ್ದ ಹಾಗೆ ಅನ್ನಿಸ್ತು. ವಾಪಸ್ ಬಂದೆ."

ದಿನಾ ಬೆಳಗ್ಗೆ ಗಂಡ ಟವೆಲಿನಿಂದ ಹೆಂಡತಿಯ ಕಣ್ಣು ಕಟ್ಟುತ್ತಿದ್ದರು. ನಿಂಬೆ ಸಿಪ್ಪೆ, ಲವಂಗ, ಕಾಫಿ ಪುಡಿ, ಸೀಮೆಎಣ್ಣೆ ಅದ್ದಿದ ಬಟ್ಟೆ, ಒಂದೊಂದಾಗಿ ಮೂಗಿಗೆ ಹಿಡಿಯುತ್ತಿದ್ದರು. "ಇದೇನು ಹೇಳು?" "ಗೊತ್ತಾಗ್ತಿಲ್ಲ." ತಿಂಗಳುಗಟ್ಟಲೆ ಅದೇ ಪ್ರಶ್ನೆ, ಅದೇ ಉತ್ತರ. ಒಮ್ಮೆ ಸಿಟ್ಟಿಗೆದ್ದು ಮೂಗಿನಕ್ಕ ಲವಂಗದ ಡಬ್ಬಿಯನ್ನೇ ಎಸೆದರು. ಗಂಡ ಮಂಡಿಯೂರಿ ಲವಂಗ ಆಯ್ದು, ಮಾರನೆಯ ಬೆಳಗ್ಗೆ ಮತ್ತೆ ಟವೆಲು ಹಿಡಿದು ಬಂದರು.

ಕೊನೆಗೆ ಮೊದಲು ಮರಳಿದ ವಾಸನೆ ಯಾವ ಡಬ್ಬಿಯದೂ ಅಲ್ಲ. ಒಂದು ಸಂಜೆ ಗಂಡ ಕೆಲಸದಿಂದ ಬಂದು ಟವೆಲಿಗಾಗಿ ಪಕ್ಕಕ್ಕೆ ಬಾಗಿದಾಗ ಮೂಗಿನಕ್ಕ ಗಕ್ಕನೆ ನಿಂತರು. "ಬೆವರು. ಗೋಣಿಚೀಲದ ಧೂಳು. ಅಷ್ಟೇ, ಇನ್ನೇನೂ ಇರ್ಲಿಲ್ಲ" ಎನ್ನುವಾಗ ಅವರ ದನಿ ಸಣ್ಣದಾಗುತ್ತದೆ. "ಆವತ್ತು ನಾನು ಅತ್ತೆ. ಬರೀ ಮೂಗು ಬಂತು ಅಂತ ಅತ್ತಿದ್ದಲ್ಲ."

ಅಷ್ಟರಲ್ಲಿ ಕಾರ್ಖಾನೆಯಲ್ಲೂ ಗಾಳಿ ಬದಲಾಗಿತ್ತು. ನಶೆಯಿಲ್ಲದ ಬಿಯರಿಗೆ ಪೇಟೆಯಲ್ಲಿ ಬೇಡಿಕೆ ಎದ್ದು, ಅದನ್ನು ಗಾಜಿನ ಬಾಟಲಿಗೇ ತುಂಬುವುದೆಂದು ತೀರ್ಮಾನವಾಯಿತು. ನಿಂತಿದ್ದ ಬೆಲ್ಟುಗಳಲ್ಲಿ ಒಂದು ಮತ್ತೆ ತಿರುಗತೊಡಗಿತು. ಶೆಡ್ಡಿನ ಮೇಲ್ವಿಚಾರಕರು ಒಂದು ಸಾಲು ಬಾಟಲಿ ಇಟ್ಟು ಪರೀಕ್ಷೆ ಮಾಡಿದರು. ಕೆಟ್ಟದ್ದನ್ನೆಲ್ಲ ಆರಿಸಿ ತೆಗೆದ ಮೂಗಿನಕ್ಕನಿಗೆ ಹಳೆಯ ಸ್ಟೂಲು ಮರಳಿ ಸಿಕ್ಕಿತು. "ನಶೆ ಇಲ್ಲದ ಬಿಯರಲ್ಲಿ ಕೆಟ್ಟ ವಾಸನೆ ಬೇಗ ಎದ್ದು ಕಾಣುತ್ತೆ. ಅಕ್ಕ ಇಲ್ಲದಿದ್ರೆ ಕಷ್ಟ" ಎನ್ನುತ್ತಾರೆ ಮೇಲ್ವಿಚಾರಕರು.

ಈಗ ಅವರ ಪಕ್ಕ ಇನ್ನೆರಡು ಸ್ಟೂಲುಗಳಿವೆ. ಇಬ್ಬರು ಹೊಸ ಹೆಂಗಸರು ಕಣ್ಣು ಮುಚ್ಚಿ ಮೂಸಲು ಕಲಿಯುತ್ತಿದ್ದಾರೆ. "ಅವಸರ ಬೇಡ್ರೇ, ಬಾಟಲಿ ಎಲ್ಲೂ ಓಡಿಹೋಗಲ್ಲ" ಎಂದು ಗದರುತ್ತಾರೆ ಮೂಗಿನಕ್ಕ.

ನಿಮಗೇನು ಆಸೆ ಎಂದು ಕೇಳಿದೆ.

"ಇನ್ನೊಂದಷ್ಟು ವರ್ಷ ಮೂಗು ಕೈಕೊಡದೆ ಇರ್ಲಿ" ಎಂದವರು ತಮ್ಮ ಮಾತಿಗೆ ತಾವೇ ನಕ್ಕರು. ಆಮೇಲೆ ಮತ್ತೆ ಶುರುವಾದ ಬೆಲ್ಟಿನ ಕಡೆ ನೋಡುತ್ತಾ ಹೇಳಿದರು: "ಇಲ್ಲಿಗೆ ಬರೋ ಬಾಟಲಿ ಎಲ್ಲಾ ನಶೆ ಇಲ್ಲದ್ದೇ ಆಗ್ಲಿ ಅಂತ ಆಸೆ. ಆಗಲ್ಲ, ಗೊತ್ತು. ಅರ್ಧ ಆದ್ರೂ ಸಾಕು. ಆಗ ಸಂಜೆ ಹೊತ್ತು ಅಪ್ಪ ಬಂದ ಅಂತ ಎಷ್ಟೋ ಮನೇಲಿ ಮಕ್ಕಳೇ ಹೆದರದೆ ಓಡಿ ಹೋಗಿ ಬಾಗಿಲು ತೆಗೀತಾರೆ."