ಹೆಬ್ಬಾಳ ಕೆರೆಯ ಮೊಸಳೆ

ಇವತ್ತು ಬೆಳಗ್ಗೆ ಚಿತ್ರಾನ್ನ ತಿನ್ನುವಾಗ ಹಲ್ಲಿಗೊಂದು ಕಲ್ಲು ಸಿಕ್ಕಿತು. ಕಟುಮ್ ಎಂಬ ಸದ್ದು ಕಿವಿಯೊಳಗೇ ಕೇಳಿಸಿತು. ಅಡುಗೆ ನನ್ನದೇ ಆದ್ದರಿಂದ ಯಾರನ್ನೂ ಬೈಯುವಂತಿರಲಿಲ್ಲ. ಪ್ಯಾಕೆಟ್ ಅಕ್ಕಿ ಬಂದ ಮೇಲೆ ಮೊರ ಹಿಡಿದು ಕೂತು ಆರಿಸುವ ಅಭ್ಯಾಸ ಯಾರಿಗಿದೆ ಹೇಳಿ? ಆದರೆ ಆರಿಸುವುದು ಎಂದಾಗಲೆಲ್ಲ ನನಗೆ ನೆನಪಾಗುವುದು ಮೊರವಲ್ಲ, ಎಂಟನೇ ಕ್ಲಾಸಿನ ನಾಜಿಯಾ.

ನಾನು ಆರ್.ಟಿ. ನಗರದ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಟೀಚರು. ಕೆಲವು ವರ್ಷಗಳ ಹಿಂದೆ ಒಂದು ತರಬೇತಿಗೆ ಹೋಗಿಬಂದವಳು, ಹೊಸ ಹುರುಪಿನಲ್ಲಿ ಮಕ್ಕಳಿಗಾಗಿ ಇಂಟರ್‌ನೆಟ್ಟಿನಲ್ಲಿ ಒಂದು ಬೋರ್ಡು ತೆರೆದೆ. ಶಾಲೆಯ ಗೋಡೆಯ ಮೇಲಿನ ನೋಟಿಸ್ ಬೋರ್ಡಿನಂಥದ್ದೇ. ಆದರೆ ಮನೆಯಲ್ಲೇ ಕೂತು ಅದಕ್ಕೆ ಫೋಟೊ, ವಿಡಿಯೊ, ಲೇಖನದ ಲಿಂಕು ಏನನ್ನು ಬೇಕಾದರೂ ಅಂಟಿಸಬಹುದು. ವಿಷಯ ಹೆಬ್ಬಾಳ ಕೆರೆ. ಎಲ್ಲ ಮುಗಿದ ಮೇಲೆ ಕೆರೆ ನೋಡಲು ಹೋಗೋಣ ಎಂದು ಆಸೆಯನ್ನೂ ಹುಟ್ಟಿಸಿದ್ದೆ.

ಆಸೆ ಸ್ವಲ್ಪ ಹೆಚ್ಚೇ ಹುಟ್ಟಿತೆಂದು ಕಾಣುತ್ತದೆ. ಮರುದಿನ ನೋಡಿದರೆ ಬೋರ್ಡು ಸಂತೆಯಾಗಿತ್ತು. ಕೆರೆಯ ಪಕ್ಕದಲ್ಲಿ ತಿಮಿಂಗಿಲ, ಅದರ ಪಕ್ಕ ಫ್ಲ್ಯಾಟ್ ಮಾರಾಟದ ಜಾಹೀರಾತು, ಕೆಳಗೆ ಯಾರದೋ ನಾಯಿಮರಿಯ ಹುಟ್ಟುಹಬ್ಬ. ಆಯ್ದು ಉಳಿಸಿಕೊಳ್ಳುವುದೇ ಪಾಠ ಎಂದು ತರಬೇತಿಯಲ್ಲಿ ಹೇಳಿದ್ದರು. ನಾನೋ, ಮುಚ್ಚಳ ಕಳೆದುಹೋದ ಪ್ಲಾಸ್ಟಿಕ್ ಡಬ್ಬಿಯನ್ನೂ ಎಸೆಯಲಾರದವಳು. ಏನು ತೆಗೆದರೆ ಯಾರಿಗೆ ಬೇಸರವೋ ಎಂದು ಸುಮ್ಮನಿದ್ದೆ.

ನಾಜಿಯಾ ಸುಮ್ಮನಿರಲಿಲ್ಲ. ಮುಖ್ಯ ರಸ್ತೆಯಲ್ಲಿ ಟೈಲರ್ ಅಂಗಡಿ ಇಟ್ಟವರ ಮಗಳು. ಹಾಜರಿ ಕೂಗಿದಾಗ ಬಿಟ್ಟರೆ ಅವಳ ದನಿ ನಾನು ಕೇಳಿದ್ದೇ ಕಡಿಮೆ. ಅವಳು ಒಂದೊಂದು ಫೋಟೊದ ಕೆಳಗೂ ‘ಇದು ಯಾಕೆ?’ ಎಂದು ಬರೆಯತೊಡಗಿದಳು. ಉತ್ತರ ಬರದಿದ್ದರೆ, “ಮಿಸ್, ತೆಗೀಲಾ?” ಎಂದು ಬಂದು ನಿಲ್ಲುತ್ತಿದ್ದಳು. ನಾಯಿಮರಿಯ ಒಡೆಯ ಚೇತನ್ ಕೆಂಡವಾದ.

“ಇವ್ಳೇನ್ ಬೋರ್ಡಿಗೆ ಓನರ್ರಾ, ಮಿಸ್?”

“ನಿನ್ ನಾಯಿ ಚೆನ್ನಾಗಿದೆ ಕಣೋ. ಅದು ಯಾವತ್ತಾದ್ರೂ ಕೆರೆ ಹತ್ರ ಹೋಗಿದ್ಯಾ?” ಎಂದಳು ನಾಜಿಯಾ.

ಹೋಗಿರಲಿಲ್ಲ. ಕ್ಲಾಸೆಲ್ಲ ನಕ್ಕಿತು. ಆದರೆ ಒಬ್ಬೊಬ್ಬರದೇ ಫೋಟೊ ಹಾರಿಹೋಗತೊಡಗಿದಂತೆ ನಗು ನಿಂತು, ಊಟದ ಹೊತ್ತಿನಲ್ಲಿ ಅವಳ ಪಕ್ಕ ಕೂರುವವರೇ ಇಲ್ಲವಾದರು. ನನ್ನ ಡಬ್ಬಿ ಎತ್ತಿಕೊಂಡು ನಾನೇ ಹೋಗಿ ಕೂತೆ. “ಬೇಜಾರಾ?” ಎಂದು ಕೇಳಿದೆ.

“ಬೇಜಾರಿದೆ ಮಿಸ್. ಆದ್ರೂ ಆ ನಾಯಿ ಅಲ್ಲಿರ್ಬಾರ್ದು.”

ಅಷ್ಟರಲ್ಲಿ ಮೊಸಳೆ ಬಂತು. ನಾವು ಕೆರೆಗೆ ಹೊರಡಬೇಕಾದ ವಾರವೇ ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಅದರ ಫೋಟೊ ಕಾಣಿಸಿತು. ದಡದ ಮೇಲೆ ಬಾಯಿ ತೆರೆದು ಬಿದ್ದುಕೊಂಡಿದೆ; ಕೆಳಗೆ, ‘ಹೆಬ್ಬಾಳ ಕೆರೆಯಲ್ಲಿ ಮೊಸಳೆ! ಮಕ್ಕಳನ್ನು ಬಿಡಬೇಡಿ.’ ಬ್ಯಾಟರಾಯನಪುರದಿಂದ ಸಂಜಯನಗರದವರೆಗಿನ ತಾಯಂದಿರೆಲ್ಲ ಶಾಲೆಗೆ ಫೋನು ಮಾಡಿದರು. “ಟ್ರಿಪ್ಪೇ ಬೇಡ ಕಣ್ರೀ, ಸುಮ್ನೆ ರಿಸ್ಕ್ ಯಾಕೆ?” ಎಂದರು ನಮ್ಮ ಹೆಡ್‌ಮಿಸ್ಟ್ರೆಸ್. ನಿಜ ಹೇಳಬೇಕೆಂದರೆ, ನಾನೂ ಮೊಸಳೆಯನ್ನು ನಂಬಿಬಿಟ್ಟಿದ್ದೆ.

ಕ್ಲಾಸಿನಲ್ಲಿ ವಿಷಯ ತಿಳಿಸಿದಾಗ ಮುಖಗಳೆಲ್ಲ ಬಾಡಿದವು. ಚೇತನ್ ಎದ್ದು ನಿಂತ. “ಮೊಸಳೆನೂ ಬೋರ್ಡಿಗೆ ಹಾಕಿ ಮಿಸ್. ನಾಜಿಯಾ ಅದನ್ನೂ ‘ಇದು ಯಾಕೆ’ ಅಂತ ಕೇಳ್ಲಿ.”

ಚುಚ್ಚಲೆಂದೇ ಆಡಿದ ಮಾತು. ನಾಜಿಯಾ ಮಾತ್ರ ನಿಜವಾಗಿಯೂ ಎದ್ದು ಬಂದು ನನ್ನ ಮೊಬೈಲಿನಲ್ಲಿದ್ದ ಫೋಟೊವನ್ನು ದಿಟ್ಟಿಸಿದಳು. “ಹೆಬ್ಬಾಳ ಕೆರೆ ಅಂದ್ಮೇಲೆ ಫ್ಲೈಓವರ್ ಎಲ್ಲಿ ಮಿಸ್?”

“ಬೇರೆ ಕಡೆಯಿಂದ ತೆಗ್ದಿರ್ಬೋದಲ್ವಾ?” ಎಂದ ಚೇತನ್. ಅದೂ ಸರಿಯೇ.

ಇಬ್ಬರನ್ನೂ ಒಂದೇ ಕಂಪ್ಯೂಟರಿನ ಮುಂದೆ ಕೂರಿಸಿದೆ. ಒಂದು ಫೋಟೊ ಇಂಟರ್‌ನೆಟ್ಟಿನಲ್ಲಿ ಮತ್ತೆಲ್ಲೆಲ್ಲಿ ಇದೆಯೆಂದು ಹುಡುಕುವುದನ್ನು ತರಬೇತಿಯಲ್ಲಿ ಕಲಿತಿದ್ದೆ, ಒಮ್ಮೆಯೂ ಬಳಸಿರಲಿಲ್ಲ. ಹುಡುಕಿದರೆ, ನಮ್ಮ ಮೊಸಳೆ ಎಷ್ಟೋ ವರ್ಷಗಳ ಹಿಂದೆಯೇ ಬೇರೊಂದು ದೇಶದ ನದಿಯ ದಡದಲ್ಲಿ ಅದೇ ಬಾಯಿ ತೆರೆದುಕೊಂಡು ಮಲಗಿತ್ತು.

“ಫಾರಿನ್ ಮೊಸಳೆ ಮಗಾ!” ಎಂದು ಚೇತನ್ ಕೂಗಿಕೊಂಡ. ಮಗಾ ಎಂದದ್ದು ನಾಜಿಯಾಳಿಗೆ. ಆ ವಾರದಲ್ಲಿ ಅವಳು ಮೊದಲ ಸಲ ನಕ್ಕದ್ದು ಆಗಲೇ.

ಇಬ್ಬರೂ ಸೇರಿ ಪೋಷಕರಿಗಾಗಿಯೇ ಬೇರೆ ಬೋರ್ಡು ಮಾಡಿದರು. ಗುಂಪಿಗೆ ಬಂದ ಫೋಟೊ, ಅದು ಮೊದಲಿದ್ದ ಪುಟ, ಚೇತನನ ತಾತ ವಾಕಿಂಗ್ ಹೋದಾಗ ತೆಗೆದುಕೊಟ್ಟ ಕೆರೆಯ ಫೋಟೊ, ಅಷ್ಟೇ. ಪ್ರತಿಯೊಂದರ ಕೆಳಗೂ ಅದು ಅಲ್ಲಿ ಯಾಕಿದೆ ಎಂದು ಒಂದು ಸಾಲು.

ಅದರ ಲಿಂಕನ್ನು ಪೋಷಕರ ಗುಂಪಿಗೆ ಹಾಕಿದೆ. ಸಂಜೆ ನಾಜಿಯಾಳ ತಂದೆ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಶಾಲೆಗೆ ಬಂದರು. “ಮೇಡಂ, ಗ್ರೂಪಿಗೆ ಆ ಫೋಟೊ ಹಾಕಿದ್ದು ನಾನೇ. ಯಾರೋ ಕಳ್ಸಿದ್ರು, ನಾನೂ ಕಳ್ಸ್‌ಬಿಟ್ಟೆ. ‘ಇದು ಯಾಕೆ ಅಬ್ಬಾ’ ಅಂತ ಮಗಳು ಮನೇಲಿ ಕೇಳ್ತಾಳೆ. ಏನ್ ಹೇಳ್ಲಿ?” ಎಂದು ಗಟ್ಟಿಯಾಗಿ ನಕ್ಕರು. ತಪ್ಪಾಯಿತೆಂದು ಗುಂಪಿನಲ್ಲೂ ಬರೆದರು. ಅಂಗಡಿ ಮುಚ್ಚಿ ತಾವೇ ಮಕ್ಕಳ ಜೊತೆ ಬರುವುದಾಗಿ ಹೇಳಿದ ಮೇಲೆ ಹೆಡ್‌ಮಿಸ್ಟ್ರೆಸ್ ಕೂಡ ಒಪ್ಪಿದರು.

ಕೆರೆಯಲ್ಲಿ ಮೊಸಳೆ ಇರಲಿಲ್ಲ. ಚೀಲದಂಥ ಕೊಕ್ಕಿನ ಹೆಜ್ಜಾರ್ಲೆಗಳಿದ್ದವು. ಎಲ್ಲರೂ ಫೋಟೊ ತೆಗೆದದ್ದೇ ತೆಗೆದದ್ದು. ಊಟಕ್ಕೆ ಕೂತಾಗ ನಾಜಿಯಾಳ ಸುತ್ತ ಜಾತ್ರೆ: ಯಾವ ಹಕ್ಕಿ ಬೋರ್ಡಿಗೆ, ಯಾವುದು ಬೇಡ ಎಂದು. ಚೇತನನ ಜೊತೆ ಅವಳ ಜಗಳ ವಾಪಸು ಬರುವ ಬಸ್ಸಿನಲ್ಲೂ ನಡೆಯಿತು.

ಈಗ ಅವರಿಬ್ಬರೂ ಕಾಲೇಜಿನಲ್ಲಿದ್ದಾರೆ. ನಾನು ಬೋರ್ಡಿನ ವಿಷಯ ಆರಿಸುವುದನ್ನು ಬಿಟ್ಟು ಮಕ್ಕಳಿಗೇ ಕೊಟ್ಟಿದ್ದೇನೆ. ಈ ವರ್ಷದವರು ಆರಿಸಿಕೊಂಡದ್ದು ‘ನಮ್ಮ ಏರಿಯಾದ ಬಿರಿಯಾನಿ’. ಮೊದಲಾಗಿದ್ದರೆ ಇದು ಯಾವ ಪಾಠದಲ್ಲಿ ಬರುತ್ತೆ ಎಂದು ಗದರುತ್ತಿದ್ದೆ. ಈ ಸಲ ಉತ್ಸಾಹದಿಂದ ನಾನೂ ಒಂದು ಉದ್ದನೆಯ ಲೇಖನ ಹುಡುಕಿ ಅಂಟಿಸಿದೆ. ನಿನ್ನೆ ನೋಡಿದರೆ ಅದು ಅಲ್ಲಿರಲಿಲ್ಲ. ಆ ಜಾಗದಲ್ಲಿ ಯಾರೋ ಕಾರಣ ಬರೆದಿದ್ದರು: ‘ಮಿಸ್, ಇದನ್ನ ಬರೆದವರು ಬಿರಿಯಾನಿ ತಿಂದಿಲ್ಲ.’

ಲೇಖನವನ್ನು ತೆರೆದು ಇನ್ನೊಮ್ಮೆ ಓದಿದೆ. ಹೌದು, ತಿಂದಿರಲಿಲ್ಲ.