ರುಫಿನಾ ಬಾರ್ಸಿಲೋನಾ ಸೇರಿದ್ದು

ರುಫಿನಾ ಬಾರ್ಸಿಲೋನಾಕ್ಕೆ ಹೊರಡುತ್ತಾಳೆ ಅಂತ ಗೊತ್ತಾದ ದಿನ, ಊರಿನ ಬಟ್ಟೆ ಒಗೆಯುವ ತೊಟ್ಟಿಯ ಹತ್ತಿರ ದೊಡ್ಡ ಪಂಚಾಯ್ತಿಯೇ ನಡೆಯಿತು. ಸ್ಪೇನಿನ ಅಂತರ್ಯುದ್ಧ ಮುಗಿದು ಹತ್ತು ಹನ್ನೆರಡು ವರ್ಷವಾಗಿದ್ದರೂ ಗ್ವಾದಿಸ್ ಸೀಮೆಯ ಹೊಟ್ಟೆ ತುಂಬಿರಲಿಲ್ಲ. ಗುಡ್ಡದಲ್ಲಿ ಕೊರೆದ ಗುಹೆಮನೆಗಳಿಂದ ಗಂಡಸರು ಒಬ್ಬೊಬ್ಬರಾಗಿ ಆ ಮಹಾನಗರಕ್ಕೆ ಹೋಗಿ, ಗಾರೆ ಹೊತ್ತು, ಆಮೇಲೆ ಹೆಂಡತಿಮಕ್ಕಳಿಗೆ ಹೇಳಿಕಳಿಸುತ್ತಿದ್ದರು. ರುಫಿನಾಳ ಗಂಡ ಎವಾರಿಸ್ತೊ ಕೂಡ ಹೇಳಿಕಳಿಸಿದ್ದ: ಸಮುದ್ರದ ದಂಡೆಯಲ್ಲಿ ತಗಡಿನ ಗುಡಿಸಲು ಎಬ್ಬಿಸಿದ್ದೇನೆ, ಮಗುವನ್ನು ಕರೆದುಕೊಂಡು ರೈಲು ಹತ್ತು.

"ರೈಲೊಂದು ಬೇಡ ಕಣೇ," ಅಂದಳು ಪಕ್ಕದ ಗುಹೆಯ ಒಬ್ದುಲಿಯಾ. ಅವಳು ಹಿಂದಿನ ವರ್ಷ ಹೋಗಿ, ನಾಲ್ಕೇ ದಿನಕ್ಕೆ ವಾಪಸ್ಸು ಬಂದವಳು. "ದೊಡ್ಡ ಸ್ಟೇಷನ್ನಿನ ಬಾಗಿಲಲ್ಲೇ ಪೊಲೀಸರು ನಿಂತಿರ್ತಾರೆ. ಮನೆ ಎಲ್ಲಿ, ಕೆಲಸ ಎಲ್ಲಿ ಅಂತಾರೆ. ನಾವು ಬಾಯಿ ಬಿಡೋದೇ ಬೇಡ, ಗಂಟುಮೂಟೆ ನೋಡಿದ್ರೇ ಗೊತ್ತಾಗೋಗತ್ತೆ. ಗುಡ್ಡದ ಮೇಲಿನ ಕಟ್ಟಡದಲ್ಲಿ ಕೂಡಿಹಾಕಿ, ಕುರಿ ತುಂಬಿದ ಹಾಗೆ ತುಂಬಿ ವಾಪಸ್ ಕಳಿಸ್ತಾರೆ."

"ಮತ್ತೆ ಕತ್ತೆ ಮೇಲೆ ಹೋಗ್ಲಾ?"

"ವಲೆನ್ಸಿಯಾದಿಂದ ಕಿತ್ತಳೆ ಲಾರಿ ಹೋಗ್ತವೆ. ಡ್ರೈವರ್ ಒಪ್ಪಿದ್ರೆ ಹಿಂದೆ ಕೂರಿಸ್ಕೋತಾನೆ."

"ಒಪ್ಪೋ ಡ್ರೈವರ್‌ಗೆ ಏನು ಬೇಕಿರತ್ತೆ ಅಂತ ನಂಗೊತ್ತಿಲ್ವಾ?"

ಹೆಂಗಸರು ನಕ್ಕರು. ಯಾರೋ ಬಸ್ಸು ಅಂದರು. ಊರೂರಿಗೂ ಇಳಿದು ಹತ್ತಬೇಕು, ಕೆಮ್ಮುವ ಮಗು ಬೇರೆ. ಇನ್ಯಾರೋ ಅಲ್ಮೇರಿಯಾದ ಬಂದರಿನಿಂದ ಹಡಗು ಅಂದರು. ಸಮುದ್ರವನ್ನೇ ಕಂಡಿರದ ರುಫಿನಾ ಶಿಲುಬೆಯ ಗುರುತು ಮಾಡಿಕೊಂಡಳು. ಕೊನೆಗೆ ಗಂಡ ಹೇಳಿದ ಹಾಗೆ ರೈಲೇ ಹತ್ತಿದಳು. ಮಗಳು ನೀವೆಸ್‌ಗೆ ಐದು ತುಂಬಿತ್ತು. ಮರದ ಬೆಂಚಿನ ಮೇಲೆ, ಕಲ್ಲಿದ್ದಲ ಹೊಗೆಯಲ್ಲಿ, ಅಮ್ಮನ ತೊಡೆಯನ್ನೇ ಹಾಸಿಗೆ ಮಾಡಿಕೊಂಡು ಮಲಗಿ ಬಂತು ಮಗು.

ಒಬ್ದುಲಿಯಾ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ದೊಡ್ಡ ಸ್ಟೇಷನ್ನಿನ ಬಾಗಿಲಲ್ಲಿ ಹ್ಯಾಟಿನವರು, ಚರ್ಮದ ಪೆಟ್ಟಿಗೆಯವರು ಸಲೀಸಾಗಿ ದಾಟಿಹೋದರು. ರುಫಿನಾಳಂಥವರನ್ನು ಪೊಲೀಸರು ಗೋಡೆಗೆ ಒತ್ತಿ ನಿಲ್ಲಿಸಿದರು. ಅದೇ ಹೊತ್ತಿಗೆ ಕಬ್ಬಿಣದ ಬೇಲಿಯ ಆಚೆ, ಕ್ಷೌರ ಮಾಡಿಸಿಕೊಂಡು, ಯಾರದೋ ಕೋಟು ತೊಟ್ಟು ನಿಂತಿದ್ದ ಎವಾರಿಸ್ತೊ ಕಣ್ಣಿಗೆ ಬಿದ್ದ.

"ಅಮ್ಮಾ, ಅಪ್ಪ! ಅಲ್ಲಿ ನೋಡು, ಅಪ್ಪ!"

ಪೊಲೀಸಿನವನು ಬೇಲಿಯ ಕಡೆ ತಿರುಗಿದ. "ಯಾರಮ್ಮಾ ನಿನ್ನ ಗಂಡ? ಬರಲಿ. ಮನೆ ಎಲ್ಲಿ ಅಂತ ಹೇಳಲಿ."

ಎವಾರಿಸ್ತೊ ಕೈಯನ್ನು ಅರ್ಧ ಎತ್ತಿದ್ದ. ಅದನ್ನು ಹಾಗೇ ಇಳಿಸಿ, ಬೆನ್ನು ತಿರುಗಿಸಿ, ಸಿಗರೇಟು ಹಚ್ಚಲು ಬೆಂಕಿಕಡ್ಡಿ ಗೀರತೊಡಗಿದ. ಕಡ್ಡಿ ಹತ್ತಲೇ ಇಲ್ಲ. ರುಫಿನಾ ಮಗಳ ಬಾಯಿ ಮುಚ್ಚಿದಳು. "ಅಲ್ಲ ಸ್ವಾಮಿ. ಮಗು ಕಂಡೋರನ್ನೆಲ್ಲ ಅಪ್ಪ ಅನ್ನತ್ತೆ."

ಗುಡ್ಡದ ಮೇಲಿನ ಕಟ್ಟಡದಲ್ಲಿ ಒದ್ದೆ ನೆಲ, ಒಂದೇ ಕಂಬಳಿ. ಜೊತೆಗಿದ್ದ ಹೆಂಗಸೊಬ್ಬಳು ಬಿಡಿಸಿ ಹೇಳಿದಳು: "ಬಾಯಿ ಬಿಟ್ಟಿದ್ರೆ ಗುಡಿಸ್ಲು ಎಲ್ಲಿ ಅಂತ ಕಕ್ಕಿಸಿ, ಬೆಳಗಾಗೋದ್ರಲ್ಲಿ ಕೆಡವಿಹಾಕ್ತಿದ್ರು. ನಿನ್ನ ಗಂಡ ಬುದ್ಧಿವಂತ." ಮಗುವಿನ ಮೈ ಆಗಲೇ ಕಾದ ಹಂಚಿನ ಹಾಗಿತ್ತು. ವಾಪಸ್ಸು ತುಂಬಿ ಕಳಿಸಿದ ರೈಲಿನಲ್ಲಿ ನೀರು ಕೇಳಿದರೂ ಬಾಗಿಲು ತೆಗೆಯಲಿಲ್ಲ. ಊರು ಮುಟ್ಟಿದ ವಾರದಲ್ಲೇ ನೀವೆಸ್ ತೀರಿಕೊಂಡಳು. ಸಾಯುವ ತನಕವೂ, ಅಪ್ಪ ಯಾಕೆ ನನ್ನ ನೋಡಲಿಲ್ಲ ಅಂತ ಕೇಳುತ್ತಲೇ ಇದ್ದಳು.

ಆಲಿವ್ ಕೊಯ್ಲು ಮುಗಿದ ಮೇಲೆ ರುಫಿನಾ ಮತ್ತೆ ಹೊರಟಳು. ಇನ್ನು ಅಲ್ಲಿ ಅವಳನ್ನು ಹಿಡಿದಿಡುವುದೇನೂ ಉಳಿದಿರಲಿಲ್ಲ. ಈ ಸಲ ಗಂಟಿಲ್ಲ, ಪೆಟ್ಟಿಗೆಯಿಲ್ಲ. ನಗರಕ್ಕೆ ಮುಂಚಿನ ಸಣ್ಣ ಸ್ಟೇಷನ್ನಿನಲ್ಲಿ ತರಕಾರಿ ಮಾರುವವರ ಜೊತೆ ಇಳಿದು, ಹಳಿಯ ಪಕ್ಕದಲ್ಲೇ, ಸಮುದ್ರವನ್ನು ಬಲಕ್ಕಿಟ್ಟುಕೊಂಡು ನಡೆದಳು. ಮೊದಲ ಸಲ ಕಂಡ ಸಮುದ್ರ ಬೂದಿಬಣ್ಣಕ್ಕಿತ್ತು, ನಾರುತ್ತಿತ್ತು. ಕೇಳಿ ಕೇಳಿ ಗುಡಿಸಲು ಹುಡುಕಿದಾಗ ಎವಾರಿಸ್ತೊ ಸಾರ್ಡೀನು ಮೀನು ಸುಡುತ್ತಿದ್ದ. ಎದ್ದು ನಿಂತವನು ಅವಳ ಹಿಂದೆ ಯಾರಾದರೂ ಇದ್ದಾರೇನೋ ಎಂಬಂತೆ ನೋಡಿದ. ಸುದ್ದಿ ಅವನಿಗೆ ಮೊದಲೇ ತಲುಪಿತ್ತು, ಆದರೂ ನೋಡಿದ.

"ಹೇಳಿದ್ರೆ ಗುಡಿಸ್ಲು ಹೋಗ್ತಿತ್ತು, ರುಫಿನಾ. ಮೂರು ಜನಾನೂ ಬೀದಿಗೆ ಬೀಳ್ತಿದ್ವಿ."

"ಬೀದೀಲಾದ್ರೂ ಮೂರು ಜನ ಇರ್ತಿದ್ವಲ್ಲ."

ಆಮೇಲೆ ಅವರು ಈ ಮಾತನ್ನು ಎತ್ತಲಿಲ್ಲ. ಬಿಟ್ಟೂ ಹೋಗಲಿಲ್ಲ. ಅವನು ಗಾರೆ ಕೆಲಸಕ್ಕೆ, ಅವಳು ಶ್ರೀಮಂತರ ಮನೆಯ ನೆಲ ತಿಕ್ಕಲಿಕ್ಕೆ. ಬಿರುಗಾಳಿಗೆ ಅಲೆ ಉಕ್ಕಿ ಒಲೆಯ ತನಕ ಬಂದರೆ ಇಬ್ಬರೂ ಸೇರಿ ಮರಳು ಬಾಚುತ್ತಿದ್ದರು. ಊರಿನಿಂದ ಬರುವವರಿಗೆ ರುಫಿನಾ ಮೊದಲೇ ಹೇಳಿಕಳಿಸುತ್ತಿದ್ದಳು: ಸಣ್ಣ ಸ್ಟೇಷನ್ನಿನಲ್ಲಿ ಇಳೀರಿ, ನಾನೇ ಬರ್ತೀನಿ. ಹಾಗೆ ಎಷ್ಟೋ ಜನರನ್ನು ಹಳಿಗುಂಟ ನಡೆಸಿಕೊಂಡು ಬಂದಳು. ದೊಡ್ಡ ಸ್ಟೇಷನ್ನಿನ ಕಡೆ ಮಾತ್ರ ತಲೆ ಹಾಕಲಿಲ್ಲ.

ಒಂದು ಸಲ ಹಾಕಬೇಕಾಗಿ ಬಂತು. ಊರಿನ ಫ್ಲೋರಾ ಎಂಬ ಹುಡುಗಿ, ಗಂಡ ಸತ್ತವಳು, ಎದೆಹಾಲು ಕುಡಿಯುವ ಕೂಸಿನೊಂದಿಗೆ ಹೊರಟಿದ್ದಳು. ಸಣ್ಣ ಸ್ಟೇಷನ್ನಿನಲ್ಲಿ ನಿದ್ದೆ ಹತ್ತಿ ಇಳಿಯಲಿಲ್ಲ. ಕಾದು ಕಾದು ಸಾಕಾಗಿ ರುಫಿನಾ ಮುಂದಿನ ರೈಲು ಹತ್ತಿ ದೊಡ್ಡ ಸ್ಟೇಷನ್ನಿಗೆ ಬಂದಾಗ ಫ್ಲೋರಾಳನ್ನು ಅದೇ ಗೋಡೆಗೆ ನಿಲ್ಲಿಸಿದ್ದರು. ಕೂಸು ಅಳುತ್ತಿತ್ತು.

ರುಫಿನಾ ನೇರ ಹೋಗಿ ಕೂಸನ್ನು ಎತ್ತಿಕೊಂಡಳು. "ನನ್ನ ತಂಗಿ ಇವಳು. ನನ್ನ ಮನೆಗೆ ಬಂದಿದಾಳೆ."

"ಮನೆ ಎಲ್ಲಿ?"

ಅವಳು ಹೇಳಿದಳು. ದಂಡೆ, ಸಾಲು, ಬಾಗಿಲಿನ ಬಣ್ಣ, ಎಲ್ಲವನ್ನೂ ಬರೆದುಕೊಳ್ಳುವವನಿಗೆ ತಪ್ಪದ ಹಾಗೆ ನಿಧಾನವಾಗಿ ಹೇಳಿದಳು. ಅವರು ಫ್ಲೋರಾಳನ್ನು ಬಿಟ್ಟರು.

ಆ ವಾರವೇ ಗುಡಿಸಲು ಕೆಡವುವವರು ಬಂದರು. ಕೆಲಸದಿಂದ ಮರಳಿದ ಎವಾರಿಸ್ತೊಗೆ ಕಂಡದ್ದು ಸೊಟ್ಟಗಾದ ತಗಡು, ಮರಳಲ್ಲಿ ಕೂತ ಹೆಂಡತಿ, ಫ್ಲೋರಾ, ಕೂಸು.

"ಯಾರು ತೋರಿಸಿದ್ದು?"

"ನಾನೇ."

ಬೈಯುತ್ತಾನೆ ಅಂತ ಫ್ಲೋರಾ ಹೆದರಿ ಮುದುಡಿದಳು. ಅವನು ಬೈಯಲಿಲ್ಲ. ಕೋಟು ಬಿಚ್ಚಿ ಕೂಸಿಗೆ ಹೊದಿಸಿ, ತಗಡುಗಳನ್ನು ಒಂದೊಂದಾಗಿ ತುಳಿದು ನೆಟ್ಟಗೆ ಮಾಡತೊಡಗಿದ. ಅಳುತ್ತಿದ್ದ. ಅದೇ ಮರಳ ಮೇಲೆ ಮತ್ತೊಂದು ಗೂಡು ಎದ್ದಿತು, ಮೊದಲಿನದಕ್ಕಿಂತ ಸಣ್ಣದು. ಫ್ಲೋರಾ ಚಳಿಗಾಲ ಕಳೆಯುವ ತನಕ ಇದ್ದು, ಒಂದು ನೂಲಿನ ಕಾರ್ಖಾನೆಯ ಊರಿಗೆ ಹೊರಟುಹೋದಳು. ಮತ್ತೆ ಅವಳ ಸುದ್ದಿ ಬರಲಿಲ್ಲ. ರುಫಿನಾಗೆ ಬೇರೆ ಮಕ್ಕಳಾಗಲಿಲ್ಲ.