ತಾನೇ ಕೂಗುವ ಹಾರ್ನು

ನಮ್ಮ ಎಲ್ ಆಲ್ತೊ ಊರಿನಲ್ಲಿ ಹೊಸ ಕಾರು ಕೊಂಡವರು ನೇರ ಮನೆಗೆ ಹೋಗುವುದಿಲ್ಲ. ಮೊದಲು ಭೂತಾಯಿಗೆ ಅವಳ ಪಾಲು ಸಲ್ಲಬೇಕು. ಬಾನೆಟ್ ಎತ್ತಿ, ಹೂಹಾರ ಹಾಕಿ, ಬಣ್ಣದ ಕಾಗದದ ಚೂರು ಎರಚಿ, ಬಿಯರಿನ ಅಭಿಷೇಕ ಮಾಡಬೇಕು. ನಮ್ಮ ಷೋರೂಮಿನಲ್ಲಿ ಆ ಪೌರೋಹಿತ್ಯ ರೆಂಬೆರ್ತೊ ಚುಕಿಮಿಯನದು. ಸಂಬಳ ಮಾತ್ರ ಎಲೆಕ್ಟ್ರಿಷಿಯನ್ ಕೆಲಸಕ್ಕೆ.

ನಾನು ಬಿಡಿಭಾಗಗಳ ಕೌಂಟರಿನವಳು. ರೆಂಬೆರ್ತೊನನ್ನು ರೇಗಿಸದಿದ್ದರೆ ನನಗೆ ಹೊತ್ತು ಹೋಗುವುದಿಲ್ಲ. ಹಬ್ಬದ ಬ್ಯಾಂಡಿನಲ್ಲಿ ದೊಡ್ಡ ತುತ್ತೂರಿ ಊದುವ ಗುಂಡು ಕೆನ್ನೆಯ ಮನುಷ್ಯ. ವೈರುಗಳ ಜೊತೆ ಮಾತಾಡುತ್ತಾನೆ. ಹರೆಯದಲ್ಲಿ ಅವನು ಬಸ್ ಕಂಡಕ್ಟರ್ ಆಗಿದ್ದಾಗ ಘಾಟಿಯಲ್ಲಿ ಬ್ರೇಕ್ ಕೈಕೊಟ್ಟು, ಬಸ್ಸು ಪ್ರಪಾತದ ಅಂಚಿಗೆ ಬಂದು ನಿಂತಿತ್ತಂತೆ. ಆ ಬೆಳಿಗ್ಗೆಯಷ್ಟೇ ಅದಕ್ಕೆ ಅಭಿಷೇಕವಾಗಿತ್ತು. ಅಂದಿನಿಂದ ರಿಪೇರಿಗೆ ಬಂದ ಗಾಡಿಯೂ ಅವನ ಕೈಯಿಂದ ಒಣಗಿಕೊಂಡು ಹೋದದ್ದಿಲ್ಲ.

ದೋನ್ಯ ಕಾಸ್ತಾ ಆಸ್ಪತ್ರೆ ಬೀದಿಯಲ್ಲಿ ಸಾಲ್ತೆನ್ಯ ಮಾರುವವಳು. ಒಳಗೆ ರಸ ತುಂಬಿದ ಆ ಬಿಸಿ ಕಡುಬನ್ನು ಬೆಳಿಗ್ಗೆಯೇ ಸಾಗಿಸಲೆಂದು ನಮ್ಮಲ್ಲಿ ಕೆಂಪು ವ್ಯಾನ್ ಕೊಂಡಿದ್ದಳು. ವಾರ ಕಳೆಯುವಷ್ಟರಲ್ಲಿ ಅದರ ಹಾರ್ನು ತಾನಾಗಿಯೇ ಕೂಗತೊಡಗಿತು.

ರೆಂಬೆರ್ತೊ ಕಂಪ್ಯೂಟರ್ ಜೋಡಿಸಿ ನೋಡಿದ. ಎಲ್ಲ ಸರಿಯಿದೆ ಎಂದಿತು. ಹಾರ್ನಿಗೆ ಕರೆಂಟು ಬಿಡುವ ರಿಲೇ ಬದಲಿಸಿದ, ಬಿಯರ್ ಸುರಿದು ಕಳಿಸಿದ. ವ್ಯಾನ್ ಮತ್ತೆ ಬಂತು. ಸ್ಟೀರಿಂಗಿನ ಸ್ವಿಚ್ ಬದಲಿಸಿದ. ಈ ಸಲ ದೋಷ ಗಟ್ಟಿ ಎಂದು ಅಭಿಷೇಕವನ್ನೂ ಜೋರಾಗಿಯೇ ಮಾಡಿದ.

ಮೂರನೆಯ ಸಲ ಬಂದಾಗ ದೋನ್ಯ ಕಾಸ್ತಾ ಗಾಡಿಯಿಂದ ಇಳಿದದ್ದೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮೇಸ್ತ್ರಿ, ನಮ್ಮ ಭಾವನ ಮಣ್ಣಿಗೆ ಹೋಗಿದ್ದೆ. ಪಾದ್ರಿ ಬಾಯಿ ತೆಗೆದ್ರೋ ಇಲ್ವೋ, ಇದೂ ಬಾಯಿ ತೆಗೀತು. ಸತ್ತೋನೊಬ್ಬ ಬಿಟ್ಟು ಎಲ್ರೂ ಎದ್ದು ನಿಂತ್ರು."

"ಆ ಭಾವನ್ನ ನೆನೆಸ್ಕೊಂಡ್ರೆ ಹೆಂಗೂ ಅಳು ಬರಲ್ಲ ಅಂತ ಮೊನ್ನೆ ನೀವೇ ಅಂದಿದ್ರಲ್ಲಮ್ಮ," ಅಂದೆ ನಾನು.

"ನೀನು ಸುಮ್ನಿರೇ. ಆಸ್ಪತ್ರೆಯೋರು ಇನ್ನು ಆ ಬೀದೀಲಿ ಗಾಡಿ ನಿಲ್ಲಿಸ್ಬೇಡ ಅಂದವ್ರೆ. ಇವತ್ತು ಸರಿಯಾಗ್ಲಿಲ್ಲ ಅಂದ್ರೆ ಇದು ನಿಮ್ಮ ಮನೇಲೇ ಇರ್ಲಿ."

ಮ್ಯಾನೇಜರ್ ದೋನ್ ಎರ್ನಾನ್ ಹೊರಗೆ ಬಂದರು. "ರೆಂಬೆರ್ತೊ, ಇದು ಇನ್ನೊಂದು ಸಲ ಬಂತೋ, ಕರೆಂಟಿನ ಕೆಲಸ ಬೇರೆಯವ್ರು ನೋಡ್ಕೋತಾರೆ. ನೀನು ಟೈರ್ ಬಿಚ್ಕೊಂಡಿರು."

ರೆಂಬೆರ್ತೊನ ಮುಖ ಬಾಡಿತು. ವೈರಿನ ಹೊರತು ಅವನಿಗೆ ಬೇರೆ ಪ್ರಪಂಚವಿಲ್ಲ. ನಾನೂ ರೇಗಿಸುವುದನ್ನು ನಿಲ್ಲಿಸಿದೆ.

ಅವನು ಕಂಪ್ಯೂಟರನ್ನು ಬದಿಗಿಟ್ಟು, ಬಾನೆಟ್ಟಿನ ಕೆಳಗಿನ ಫ್ಯೂಸ್ ಪೆಟ್ಟಿಗೆಯನ್ನೇ ಬೋಲ್ಟು ಬಿಚ್ಚಿ ಮೇಲೆತ್ತಿದ. ಮೇಲ್ಭಾಗ ಮೊದಲಿನಂತೆಯೇ ಶುಭ್ರವಾಗಿತ್ತು. ತಲೆಕೆಳಗು ಮಾಡಿ, ವೈರುಗಳು ಬಂದು ಸೇರುವ ಪ್ಲಗ್ಗನ್ನು ಎಳೆದ. ಅದು ಬೆಲ್ಲದ ಪಾಕದಂತೆ ಅಂಟಂಟಾಗಿ ಬಂತು. ಪಿನ್ನುಗಳ ನಡುವೆ ಗುಲಾಬಿ ಬಣ್ಣದ ಕಾಗದದ ಚೂರೊಂದು ಅಂಟಿಕೊಂಡಿತ್ತು. ರೆಂಬೆರ್ತೊ ಮೂಸಿ ನೋಡಿದ.

ಒರೆಸಿ ಮುಚ್ಚಿಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಪ್ಲಗ್ಗನ್ನು ಹಿಡಿದುಕೊಂಡೇ ದೋನ್ಯ ಕಾಸ್ತಾಳನ್ನೂ ಮ್ಯಾನೇಜರರನ್ನೂ ಹತ್ತಿರ ಕರೆದ.

"ಬಿಯರು. ನಾನೇ ಸುರಿದದ್ದು. ಸೋರಿ ಒಳಗಿಳಿದು ಪಿನ್ನಿಗೆ ಪಿನ್ನು ಸೇರಿಸ್ಬಿಟ್ಟಿದೆ, ಅದಕ್ಕೇ ಹಾರ್ನು ಒತ್ತದೇನೇ ಕೂಗ್ತದೆ. ರಿಪೇರಿ ಮಾಡ್ದಾಗೆಲ್ಲ ಮತ್ತೆ ಕೆಡಿಸಿ ಕಳಿಸಿದೀನಿ."

ದೋನ್ ಎರ್ನಾನ್ ಬೈಯಲೆಂದೇ ಬಾಯಿ ತೆರೆದರು. ಅಷ್ಟರಲ್ಲಿ ಅಂಗಳದಲ್ಲಿದ್ದ ತಮ್ಮ ಗಾಡಿಯ ಕಡೆ ಕಣ್ಣು ಹೋಯಿತು. ಆಮೇಲೆ ಮೆಲ್ಲಗೆ ಕೇಳಿದರು: "ನನ್ನ ಗಾಡಿಗೂ ನೀನೇ ಅಲ್ವೇನೋ ಸುರಿದಿದ್ದು? ಎರಡು ಬಾಟ್ಲಿ?"

"ಹೌದು ಸಾರ್."

"ವೈಪರ್ ತಾನಾಗೇ ಓಡ್ತದೆ. ಕಾರ್ಖಾನೆಯೋರಿಗೆ ಬೈದು ಬೈದು ಸಾಕಾಯ್ತು ನಂಗೆ."

ದೋನ್ಯ ಕಾಸ್ತಾ ನಕ್ಕ ರಭಸಕ್ಕೆ ಅವಳ ಟೋಪಿಯೇ ಕೆಳಗೆ ಬಿತ್ತು. ನಾನೂ ನಕ್ಕೆ. ಕೊನೆಗೆ ಮ್ಯಾನೇಜರೂ ನಕ್ಕು, "ಮೊದ್ಲು ಇವರದ್ದು, ಆಮೇಲೆ ನಂದು ಮಾಡು. ಟೈರ್ ಬಿಚ್ಚೋ ಮಾತು ಬಿಡು" ಎಂದರು. ರೆಂಬೆರ್ತೊ ಮಾತ್ರ ನಗಲಿಲ್ಲ.

ಪ್ಲಗ್ಗು ತೊಳೆದು, ಒಣಗಿಸಿ, ಜೋಡಿಸಿದ. ಕೆಲಸ ಮುಗಿದರೂ ಬಾಟಲಿ ಹಿಡಿದು ಅಲ್ಲೇ ನಿಂತ. ಸುರಿದರೆ ಗಾಡಿ ಕೆಡುತ್ತದೆ, ಸುರಿಯದೆ ಕಳಿಸಿದರೆ ಅವನಿಗೆ ನಿದ್ದೆ ಬರುವುದಿಲ್ಲ.

ದೋನ್ಯ ಕಾಸ್ತಾ ಅವನ ಕೈಯಿಂದ ಬಾಟಲಿ ಕಿತ್ತುಕೊಂಡಳು. "ಭೂತಾಯಿ ಇರೋದು ನೆಲದಾಗೆ ಕಣೋ. ಬಾನೆಟ್ ಒಳಗೆ ಬಾಯಾರಿಕೊಂಡು ಕೂತಿರೋರು ಯಾರು?" ಎನ್ನುತ್ತ ನಾಲ್ಕು ಚಕ್ರದ ಬುಡಕ್ಕೂ ಸುರಿದಳು. ಅವಳು ಸುರಿದು ಮುಗಿಸುವವರೆಗೂ ರೆಂಬೆರ್ತೊ ಮುಚ್ಚಿದ ಬಾನೆಟ್ಟಿನ ಮೇಲೆ ಎರಡೂ ಅಂಗೈ ಚಾಚಿ ಕಾವಲು ನಿಂತಿದ್ದ.

ವ್ಯಾನ್ ಇಳಿಜಾರು ದಾಟಿತು. ಸದ್ದಿಲ್ಲ. ಗೇಟಿನ ಉಬ್ಬಿನ ಮೇಲೆ ಹಾರಿತು. ಸದ್ದಿಲ್ಲ. ರೆಂಬೆರ್ತೊ ನಿಟ್ಟುಸಿರು ಬಿಡುವಷ್ಟರಲ್ಲಿ ತಿರುವಿನಿಂದ ಹಾರ್ನು ಉದ್ದಕ್ಕೆ ಕೂಗಿತು. ಅವನು ನೆತ್ತರಿಲ್ಲದವನಂತೆ ಬಿಳಿಚಿಕೊಂಡು ನನ್ನ ತೋಳು ಹಿಡಿದ.

ಕಿಟಕಿಯಿಂದ ದೋನ್ಯ ಕಾಸ್ತಾಳ ತಲೆ ಹೊರಬಂತು. "ಇದು ನಾನೇ ಒತ್ತಿದ್ದು ಮೇಸ್ತ್ರಿ. ನಾಳೆ ಆಸ್ಪತ್ರೆ ಬೀದಿಗೆ ಬಾ, ಬಿಸಿಬಿಸಿ ಸಾಲ್ತೆನ್ಯ ಕೊಡ್ತೀನಿ."